ಅನುಮತಿಯಿಲ್ಲ ಎಂದದ್ದು ಯಾರು
ಒಂದು ಲಿನಕ್ಸ್ ಕಂಪ್ಯೂಟರಿನೊಳಗೆ ಬಟವಾಡೆಯೆಂಬ ಮುದಿ ಅಂಚೆಯವನಿದ್ದ. ಆ ಕಂಪ್ಯೂಟರ್ ಬಳಸುವ ನಾಗವೇಣಿಗೆ ಬಂದ ಪತ್ರಗಳನ್ನು ಅಂಗಳವೆಂಬ ಫೋಲ್ಡರಿನಲ್ಲಿದ್ದ ಅವಳ ಪೆಟ್ಟಿಗೆಗೆ ಹಾಕುವುದು ಅವನ ಕೆಲಸ. ಯಂತ್ರವನ್ನು ಹೊಸದಾಗಿ ಅಣಿಗೊಳಿಸಿದ ಮೇಲೆ, ಹೋದಾಗಲೆಲ್ಲ "ಅನುಮತಿಯಿಲ್ಲ" ಎಂಬ ಮಾತು ಕೇಳಿ ಹಿಂದಿರುಗುತ್ತಿದ್ದ. ಅಲೆದಲೆದು ಕಾಲು ಸೋತಿತ್ತು.

"ನಿನ್ನ ಬಾಗಿಲನ್ನು ಎಲ್ಲರಿಗೂ ತೆರೆದುಬಿಡು ತಾಯಿ. ಇನ್ನು ನನ್ನಿಂದಾಗದು" ಎಂದು ಪೆಟ್ಟಿಗೆಯನ್ನು ಬೇಡಿಕೊಂಡ.

"ಒಳಗೆ ನಾಗವೇಣಿಯವರ ಹಳೆಯ ಪತ್ರಗಳಿವೆಯಲ್ಲ."

"ಅವನ್ನು ಓದಲು ಯಾರು ಬರುತ್ತಾರೆ?"

ಪೆಟ್ಟಿಗೆ ತೆರೆದುಕೊಂಡಿತು. ಆದರೂ ಪತ್ರ ಒಳಹೋಗಲಿಲ್ಲ. ಮತ್ತೆ ಅದೇ ಮಾತು ಕೇಳಿಸಿತು. ಅಷ್ಟರಲ್ಲಿ ಆ ದಾರಿಯಾಗಿ ಸುಳಿದ ಹುಡುಕಾಟವೆಂಬ ಪ್ರೋಗ್ರಾಂ ಪೆಟ್ಟಿಗೆಯೊಳಗೆ ಕೈಯಿಟ್ಟು, ನಾಗವೇಣಿಯ ಕಾಯಿಲೆಯ ಸಂಗತಿಯನ್ನೆಲ್ಲ ಓದಿಕೊಂಡು ಹೋಯಿತು.

ಆಗ ಅಂಗಳ ಬಟವಾಡೆಗೆ ಹೇಳಿತು: "ಅನುಮತಿಯಿಲ್ಲ ಎಂದದ್ದು ನಾನು, ಪೆಟ್ಟಿಗೆಯಲ್ಲ. ಪತ್ರ ಹಾಕುವ ಮುನ್ನ, ಅದೇ ಹೊತ್ತಿಗೆ ಬೇರೆಯವರು ಪೆಟ್ಟಿಗೆಗೆ ಕೈಹಾಕದಂತೆ, ನೀನು ನನ್ನಲ್ಲಿ ಒಂದು ಬೀಗ ಇಡಬೇಕು. ಯಂತ್ರವನ್ನು ಅಣಿಗೊಳಿಸಿದವರು ಅಂಚೆಯವರ ಗುಂಪಿಗೆ ಆ ಹಕ್ಕು ಕೊಡುವುದನ್ನು ಮರೆತಿದ್ದಾರೆ."

"ಮೊದಲೇ ಹೇಳಬಾರದಿತ್ತೆ?"

"ಹೇಳುತ್ತಲೇ ಇದ್ದೆ. ಹೇಳಿದ್ದು ಯಾರೆಂದು ನೀನು ಕೇಳಲಿಲ್ಲ."

ಯಂತ್ರದ ಯಜಮಾನನಾದ ರೂಟ್ ಬಂದು ಅಂಚೆಯವರಿಗೆ ಅಂಗಳದ ಹಕ್ಕು ಕೊಟ್ಟ. ಪೆಟ್ಟಿಗೆಯನ್ನು ನಾಗವೇಣಿಗೂ ಅಂಚೆಯವರಿಗೂ ಮಾತ್ರ ತೆರೆಯುವಂತೆ ಮುಚ್ಚಿದ. ಪತ್ರ ಸಲೀಸಾಗಿ ಒಳಹೋಯಿತು. ಬಟವಾಡೆಗೆ ಅದರಿಂದ ಸಮಾಧಾನವಾಗಲಿಲ್ಲ.

"ಒಡೆಯಾ, ಓದಿಕೊಂಡು ಹೋದದ್ದನ್ನು ಏನು ಮಾಡುವುದು?" ಎಂದು ಕೇಳಿದ.

"ಅದನ್ನು ಹಿಂದಕ್ಕೆ ತರುವ ಅಪ್ಪಣೆ ನನ್ನ ಬಳಿಯೂ ಇಲ್ಲ" ಎಂದ ರೂಟ್.