ನಗಿಸುವ ಕಡತದ ಐಗಳು

ಬಹಳ ಬಹಳ ಹಿಂದೆ, ಹೊಳೆದಂಡೆಯ ಒಂದೂರಿನಲ್ಲಿ ಚನ್ನವೀರಯ್ಯ ಎಂಬ ಐಗಳು ಇದ್ದರಂತೆ. ಯಾವ ಕಾಲ ಅಂತ ಕೇಳಬೇಡಿ, ಹೇಳಿದವರಿಗೂ ಗೊತ್ತಿರಲಿಲ್ಲ. ಸಾಲಿಮಠದಲ್ಲಿ ಮಕ್ಕಳಿಗೆ ಓದು ಬರಹ ಕಲಿಸುವುದು ಅವರ ಕೆಲಸ. ಆದರೆ ಹೆಸರು ಉಳಿದದ್ದು ಒಂದು ಕಡತದಿಂದ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಆ ಕಾಲದ ಪುಸ್ತಕ ಅದೇ. ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸುವುದು.

ಊರಲ್ಲಿ ಯಾರಾದರೂ ತೀರಿಕೊಂಡರೆ ಆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಮೂರನೆಯ ದಿನ ನೆರೆಯವರು ಬುತ್ತಿ ಕಟ್ಟಿಕೊಂಡು ಹೋಗುವರು. ಅವರ ಜೊತೆ ಐಗಳೂ ಹೋಗಿ, ಸತ್ತವರ ಬಗ್ಗೆ ಬರೆದ ಕಡತ ಬಿಚ್ಚಿ ಓದುವರಂತೆ. ಹೊಗಳಿಕೆ ಒಂದಕ್ಷರ ಇರುತ್ತಿರಲಿಲ್ಲ. ಗರಡಿಯ ಭೀಮಪ್ಪ ಸತ್ತಾಗ, ಅಷ್ಟು ದೊಡ್ಡ ಪೈಲ್ವಾನ ಹಲ್ಲಿ ಕಂಡು ಲಂಗೋಟಿಯಲ್ಲೇ ಬೀದಿಗೆ ಓಡಿದ್ದನ್ನು ಓದಿದರಂತೆ. ಅವನ ಹೆಂಡತಿ ಮೊದಲು ಮುಖ ಮುಚ್ಚಿಕೊಂಡಳು, ಆಮೇಲೆ ಹೊಟ್ಟೆ ಹಿಡಿದು ನಕ್ಕಳು, ನಗುನಗುತ್ತಲೇ ಅತ್ತಳು, ಅತ್ತು ಮುಗಿಸಿ ರೊಟ್ಟಿ ಕೇಳಿದಳು. ಓದಿ ಆದಮೇಲೆ ಐಗಳು ಕಡತ ಒರೆಸಿಬಿಡುತ್ತಿದ್ದರು. ಹೆಣವೇ ಎದ್ದು ಕೂತು ನಕ್ಕಿತ್ತು ಅಂತಲೂ ಹೇಳುತ್ತಾರೆ. ಮೂರನೆಯ ದಿನ ಹೆಣ ಎಲ್ಲಿಂದ ಬರಬೇಕು, ನೀವೇ ಹೇಳಿ.

ಹೀಗಿರುವಾಗ, ಸಾಲಿಮಠದ ಪಕ್ಕದ ಮನೆಯ ನೀಲವ್ವನ ಹನ್ನೊಂದು ತಿಂಗಳ ಕೂಸು ಗೌರಿ ಜ್ವರ ಬಂದು ತೀರಿಹೋಯಿತು. ನೀಲವ್ವ ಅಳಲಿಲ್ಲ, ತುತ್ತು ಮುಟ್ಟಲಿಲ್ಲ, ತೊಟ್ಟಿಲ ಹಗ್ಗ ಹಿಡಿದು ಕೂತುಬಿಟ್ಟಳು. ಒಂದು ದಿನವಲ್ಲ, ಎರಡು ದಿನವಲ್ಲ, ಮೂರು ದಿನ. ಹೀಗೇ ಬಿಟ್ಟರೆ ಕೂಸಿನ ಹಿಂದೆ ತಾಯಿಯೂ ಹೋಗುತ್ತಾಳೆ ಅಂತ ಊರೇ ಹೆದರಿತು. ಆದರೂ ಹಿರಿಯರು ಐಗಳನ್ನು ತಡೆದರು. ಕೂಸು ಸತ್ತ ಮನೆಯಲ್ಲಿ ಎಂಥ ನಗೆ ಅಂದರು. ಅದು ಬದುಕಿದ್ದೇ ಅಷ್ಟು, ಬರೆಯುವುದಾದರೂ ಏನು ಅಂದರು. ಐಗಳೂ ಮೂರು ದಿನ ಬಳಪ ಹಿಡಿದು ಕೂತಿದ್ದರು, ಒಂದಕ್ಷರ ಮೂಡಿರಲಿಲ್ಲ.

ಆದರೂ ಹೋದರು. ನೀಲವ್ವನ ಮುಂದೆ ಕೂತು ಕಡತ ಬಿಚ್ಚಿದರು. ಮೊದಲ ಮಡಿಕೆ ಖಾಲಿ. ಎರಡನೆಯದು ಖಾಲಿ. ಮೂರನೆಯದೂ ಖಾಲಿ. ಕೊನೆಯವರೆಗೂ ಬರೀ ಕರೀ ಬಟ್ಟೆ.

ನೀಲವ್ವ ಆ ಕರೀ ಬಟ್ಟೆ ನೋಡಿದಳು. ಅವಳಿಗೆ ಸಿಟ್ಟು ಬಂತು. ಮೂರು ದಿನದ ಮೇಲೆ ಬಾಯಿ ಬಿಟ್ಟಳು.

"ಯಾಕ್ರೀ ಐನೋರ, ನನ್ನ ಮಗಳು ಏನೂ ಮಾಡೇ ಇಲ್ಲೇನು? ಭೀಮಪ್ಪಗ ಹತ್ತು ಮಡಿಕಿ ಬರದ್ರಿ, ಆಕಿಗೆ ಒಂದು ಸಾಲೂ ಇಲ್ಲೇನು? ಬಳಪ ತಗೀರಿ, ನಾ ಹೇಳ್ತೀನಿ."

ಐಗಳು ಚೀಲದಿಂದ ಬಳಪ ತೆಗೆದು ಅವಳ ಅಂಗೈಯಲ್ಲಿಟ್ಟರು. ಅದರ ತುದಿಯಲ್ಲಿ ಎರಡು ಪುಟ್ಟ ಹಲ್ಲಿನ ಗುರುತು. ಗೌರಿ ದಿನಾ ಅಂಬೆಗಾಲಿಟ್ಟು ಸಾಲಿಮಠಕ್ಕೆ ಬಂದು ಬಳಪ ಕಚ್ಚುತ್ತಿದ್ದಳಂತೆ. ಒಂದು ದಿನ ಇದ್ದಬದ್ದ ಬಳಪವನ್ನೆಲ್ಲ ಮೇದುಹಾಕಿದ್ದರಿಂದ ಐಗಳು ಮಕ್ಕಳನ್ನು ಮನೆಗೆ ಕಳಿಸಬೇಕಾಯಿತಂತೆ.

"ಇದರಿಂದ ಬರೀಲಿಕ್ಕೆ ನನಗ ಕೈ ಬರಲಿಲ್ಲವ್ವ," ಅಂದರು ಐಗಳು.

ನೀಲವ್ವ ಆ ಗುರುತಿನ ಮೇಲೆ ಬೆರಳಾಡಿಸಿದಳು. "ಮಾರಿ ತುಂಬ ಬೆಳ್ಳಗ ಮಾಡ್ಕೊಂಡು ಬರ್ತಿದ್ಲು, ಸುಣ್ಣ ಬಳದ ಗ್ವಾಡಿ ಇದ್ದಂಗ," ಅಂದಳು. ಅಂದವಳೇ ನಕ್ಕಳು. ನಕ್ಕವಳೇ ಅತ್ತಳು. ಆ ಅಳು ಹೊಳೆಯ ಆಚೆ ದಂಡೆಗೂ ಕೇಳಿಸಿತು ಅಂತಾರೆ. ಐಗಳು ಬೇರೆ ಬಳಪ ತರಿಸಿದರು. ಅವಳು ಹೇಳುತ್ತಾ ಹೋದಳು, ಇವರು ಕಣ್ಣೊರೆಸಿಕೊಳ್ಳುತ್ತಾ ಬರೆಯುತ್ತಾ ಹೋದರು. ದೀಪ ಹಚ್ಚುವ ಹೊತ್ತಿಗೆ ಮಡಿಕೆಯೆಲ್ಲ ತುಂಬಿ, ಅಂಚಿನಲ್ಲೂ ಜಾಗ ಉಳಿಯಲಿಲ್ಲ. ಆಮೇಲೆ ನೀಲವ್ವ ಅರ್ಧ ರೊಟ್ಟಿ ತಿಂದಳು.

ಆ ಕಡತವೊಂದನ್ನು ಮಾತ್ರ ಐಗಳು ಒರೆಸಲಿಲ್ಲ. ಮಡಚಿ ಅವಳ ಮಡಿಲಲ್ಲಿಟ್ಟು ಎದ್ದು ಹೋದರಂತೆ.

ಈಗಲೂ ಆ ಹೊಳೆಸಾಲಿನ ಊರುಗಳಲ್ಲಿ ಸಾವಿನ ಮನೆಗೆ ಬುತ್ತಿ ಒಯ್ಯುವಾಗ ರೊಟ್ಟಿಯ ಜೊತೆ ಒಂದು ತುಂಡು ಬಳಪ ಇಡುತ್ತಾರೆ. ಇಡುವ ಮೊದಲು ಬುತ್ತಿ ಒಯ್ಯುವವರೆಲ್ಲ ಅದರ ತುದಿಯನ್ನು ಒಮ್ಮೆ ಕಚ್ಚಬೇಕು. ದೊಡ್ಡ ದೊಡ್ಡ ಮೀಸೆಯವರೂ ಕಚ್ಚುತ್ತಾರೆ. ಅಳುವ ಮನೆಯವರು ಬಾಗಿಲು ತೆರೆದರೆ, ಹೊಸ್ತಿಲಾಚೆ ಬುತ್ತಿ ಹೊತ್ತು ನಿಂತವರ ತುಟಿಯೆಲ್ಲ ಬೆಳ್ಳಗಿರುತ್ತದೆ.