ಕೆಳಗೆ ಹಗ್ಗ ಹಿಡಿದವನು

ಹುಬ್ಬಳ್ಳಿಯಲ್ಲಿ ಶಿವಲಿಂಗವ್ವ ಎಂಬ ಹೆಣ್ಣುಮಗಳು ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿಕೊಂಡಾಗ ಅವಳಿಗೆ ಮೂವತ್ತು ವರ್ಷ. ಅಂದು ಒಂದೇ ಒಲೆಯಿಂದ ಶುರುವಾದದ್ದು ಈಗ ದಿನಕ್ಕೆ ಇನ್ನೂರು ಮಂದಿ ಉಂಡು ಹೋಗುವಷ್ಟು ಬೆಳೆದಿತ್ತು. ಇದನ್ನೆಲ್ಲ ತಾನೊಬ್ಬಳೇ ಕಟ್ಟಿದ್ದು, ತನಗೆ ಯಾರ ಹಂಗೂ ಇಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಐವತ್ತೆರಡನೇ ವಯಸ್ಸಿನಲ್ಲಿ ಅವಳು ಅಕ್ಕನ ಮಗಳು ವೈಜಯಂತಿಯ ಜೊತೆ ನೇಪಾಳಕ್ಕೆ ಹೋದಳು. ಪಶುಪತಿನಾಥನ ದರ್ಶನವಾಯಿತು. ಆಮೇಲೆ ವೈಜಯಂತಿ ಕ್ಯಾನಿಯನಿಂಗ್‌ಗೆ ಹೋಗೋಣ ಎಂದಳು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಧುಮುಕುವ ನೀರಿನ ಜೊತೆಯಲ್ಲೇ ಬಂಡೆಗಳ ಕೊರಕಲಿನೊಳಗೆ ಇಳಿಯುವ ಆಟ ಅದು. ಚಿಕ್ಕವಳಿದ್ದಾಗ ತವರಿನ ಬಾವಿಯಲ್ಲಿ ಈಜಿದವಳಿಗೆ ನೀರೆಂದರೆ ಹೆದರಿಕೆ ಇರಲಿಲ್ಲ. ಆಯಿತು, ನೋಡಿಯೇ ಬಿಡೋಣ ಎಂದಳು.

ಕರೆದೊಯ್ದ ಮಾರ್ಗದರ್ಶಿ ಫೂಲಮಾಯಾ ಎಂಬ ಗಟ್ಟಿ ಹೆಂಗಸು. ಮೊದಲ ಎರಡು ಸಣ್ಣ ಇಳಿಜಾರುಗಳನ್ನು ಶಿವಲಿಂಗವ್ವ ಸಲೀಸಾಗಿ ಇಳಿದಳು. ಮೂರನೆಯದು ನಾಲ್ಕು ಅಂತಸ್ತಿನ ಮನೆಯಷ್ಟು ಎತ್ತರದ ಜಲಪಾತ. ಬಂಡೆಯನ್ನು ತಬ್ಬಬೇಡಿ, ಹಿಂದಕ್ಕೆ ಒರಗಿ ಹಗ್ಗದ ಮೇಲೆ ಭಾರ ಬಿಡಿ, ಕೈ ತಪ್ಪಿದರೂ ಕೆಳಗೆ ನಮ್ಮ ಧನವೀರ ಹಗ್ಗದ ತುದಿ ಹಿಡಿದು ನಿಂತಿರುತ್ತಾನೆ, ಅವನು ಜಗ್ಗಿದರೆ ನೀವು ಅಲ್ಲೇ ನಿಲ್ಲುತ್ತೀರಿ ಎಂದು ಫೂಲಮಾಯಾ ಹಿಂದಿಯಲ್ಲಿ ತಿಳಿಸಿ ಹೇಳಿದಳು. ಶಿವಲಿಂಗವ್ವ ತಲೆ ಆಡಿಸಿದಳು. ಆದರೆ ಗುರುತಿಲ್ಲದ ಯಾರೋ ಒಬ್ಬನ ಕೈಯಲ್ಲಿ ತನ್ನ ಜೀವ ಒಪ್ಪಿಸುವುದೆಂದರೇನು? ಇಳಿಯತೊಡಗಿದ್ದೇ ತಡ, ಬಂಡೆಗೆ ಹಲ್ಲಿಯಂತೆ ಅಂಟಿಕೊಂಡಳು.

ಅರ್ಧ ದಾರಿಯಲ್ಲಿ ಪಾಚಿಯ ಮೇಲೆ ಕಾಲು ಜಾರಿತು. ಮೈ ಗರಕ್ಕನೆ ತಿರುಗಿ ಧುಮುಕುವ ನೀರಿನ ಅಡಿಗೇ ಹೋಯಿತು. ಕಣ್ಣು, ಮೂಗಿಗೆಲ್ಲ ನೀರು. ಗಾಬರಿಯಲ್ಲಿ ಹಿಡಿದಿದ್ದ ಹಗ್ಗವನ್ನೂ ಬಿಟ್ಟಳು.

ಮುಗಿಯಿತು ಎಂದುಕೊಂಡಳು. ಆದರೆ ಬೀಳಲಿಲ್ಲ. ಯಾರೋ ನಡು ಹಿಡಿದು ನಿಲ್ಲಿಸಿದಂತೆ ಗಾಳಿಯಲ್ಲೇ ನಿಂತಳು.

ಕೆಳಗೆ ನೋಡಿದಳು. ಸೊಂಟದವರೆಗೆ ನೀರಿನಲ್ಲಿ ನಿಂತ ಧನವೀರ ಹಗ್ಗದ ತುದಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಜಗ್ಗಿ, ಹಿಂದಕ್ಕೆ ವಾಲಿ, ರೆಪ್ಪೆ ಬಡಿಯದೆ ಅವಳನ್ನೇ ನೋಡುತ್ತಿದ್ದ. ಅವಳು ಉಸಿರು ಹಿಡಿದು ಸುಧಾರಿಸಿಕೊಂಡಳು. ಮತ್ತೆ ಹಗ್ಗ ಹಿಡಿದು, ಕಾಲನ್ನು ಬಂಡೆಗೆ ಊರಿ, ಮೊದಲ ಸಲ ಹಿಂದಕ್ಕೆ ಒರಗಿ ಪೂರ್ತಿ ಭಾರ ಬಿಟ್ಟಳು. ಅವನು ಹಗ್ಗ ಸಡಿಲಿಸಿದಂತೆ ಹೆಜ್ಜೆ ಹೆಜ್ಜೆಯಾಗಿ ಇಳಿದಳು.

ಹತ್ತಿರ ಬಂದಾಗ ಕಂಡಿತು: ಚಳಿಗೆ ಅವನ ತುಟಿಗಳು ನೀಲಿಗಟ್ಟಿದ್ದವು. ಎಷ್ಟು ಹೊತ್ತಿನಿಂದ ನಿಂತಿದ್ದೀಯಪ್ಪ ಎಂದು ಹಿಂದಿಯಲ್ಲಿ ಕೇಳಿದಳು. ಮುಂಜಾನೆಯ ಮೊದಲ ತಂಡ ಬಂದಾಗಿನಿಂದ ಎಂದ. ಅಷ್ಟು ಹೇಳಿ ಮತ್ತೆ ಮೇಲೆ ನೋಡತೊಡಗಿದ, ವೈಜಯಂತಿ ಇಳಿಯುವುದಿತ್ತು.

ವೈಜಯಂತಿ ಇಳಿದ ಮೇಲೆ ಶಿವಲಿಂಗವ್ವ ಅವಳನ್ನು ಕೇಳಿದಳು: "ಉಪಕಾರ ಆತು ಅನ್ನಾಕ ಇವರ ಮಾತಿನ್ಯಾಗ ಏನಂತಾರ?"

"ಧನ್ಯವಾದ ಅಂತಾರ, ಚಿಗವ್ವ. ನಮ್ಮದ ಶಬ್ದ."

ಆ ಶಬ್ದವನ್ನು ತಾನು ಯಾರಿಗೆ ಯಾವಾಗ ಹೇಳಿದ್ದೆನೆಂದು ಅವಳಿಗೆ ನೆನಪಾಗಲಿಲ್ಲ. ಧನವೀರನಿಗೆ ಕೈ ಮುಗಿದು ಹೇಳಿದಳು. ಅವನು ನಕ್ಕ.

ಸಂಜೆ ವಸತಿಗೃಹದಲ್ಲಿ ಅವಳು ಒದ್ದೆ ಕೂದಲು ಒರೆಸಿಕೊಂಡಳು. ಆಮೇಲೆ ಊರಿಗೆ, ಮಲ್ಲವ್ವನಿಗೆ ಫೋನ್ ಮಾಡಿದಳು. ಮಲ್ಲವ್ವ ಇಪ್ಪತ್ತು ವರ್ಷದಿಂದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವಾಕೆ. ಶಿವಲಿಂಗವ್ವ ಟೈಫಾಯಿಡ್ ಬಂದು ತಿಂಗಳುಗಟ್ಟಲೆ ಮಲಗಿದಾಗ ಒಂದು ದಿನವೂ ಒಲೆ ಆರದಂತೆ ನೋಡಿಕೊಂಡವಳು. ಆಗ ಅವಳಿಗೆ ಒಂದು ಒಳ್ಳೆಯ ಮಾತೂ ಸಿಕ್ಕಿರಲಿಲ್ಲ.

ಶಿವಲಿಂಗವ್ವ ಅದನ್ನೆಲ್ಲ ನೆನೆದು, ತಡವರಿಸುತ್ತಲೇ ಅವಳಿಗೂ ಧನ್ಯವಾದ ಹೇಳಿದಳು. ಮಲ್ಲವ್ವ ಮೆಲ್ಲಗೆ ಕೇಳಿದಳು: "ಅಕ್ಕಾರ, ಆರಾಮ ಅದೀರಿಲ್ರಿ?"

"ಆರಾಮ ಅದೀನಿ," ಎಂದಳು ಶಿವಲಿಂಗವ್ವ. "ನೀ ಇದ್ದಿ ಅಂತ ಇಷ್ಟು ವರ್ಷ ಆರಾಮ ಅದೀನಿ."

ನೀತಿ: ನಾನೊಬ್ಬನೇ ನಿಂತೆ ಎನ್ನುವವನನ್ನೂ ಯಾರೋ ಹಿಡಿದಿರುತ್ತಾರೆ. ಆ ಕೈಗಳನ್ನು ಗುರುತಿಸಿ, ಅವರು ಇರುವಾಗಲೇ ಒಂದು ಮಾತು ಹೇಳಬೇಕು.