ಕಿರುಬೆರಳ ಉಗುರಿಲ್ಲದ ವಿಗ್ರಹ

ಒಂದಾನೊಂದು ಊರಿನಲ್ಲಿ, ಅಂದ್ರೆ ಈಗ ಹುಡುಕಿದ್ರೂ ಸಿಗದ ಊರಿನಲ್ಲಿ, ಒಬ್ಬ ರಾಜ ಇದ್ದ. ಅವನ ಹೆಸರು ಚಿಕ್ಕದೊಡ್ಡರಾಯ. ಅವನಪ್ಪನ ಹೆಸರು ದೊಡ್ಡರಾಯ, ಇವನು ಚಿಕ್ಕೋನು, ಅದಕ್ಕೆ ಚಿಕ್ಕದೊಡ್ಡರಾಯ. ನಗೋರು ಈಗಲೇ ನಕ್ಕುಬಿಡಿ. ಆಮೇಲೆ ನಡುನಡುವೆ ನಕ್ರೆ ನಂಗೆ ಕತೆ ಮರೆತುಹೋಗುತ್ತೆ.

ಈ ರಾಜನಿಗೆ ಆನೆ ಮೇಲೆ ಆಸೆ ಇಲ್ಲ, ಕುದುರೆ ಮೇಲೆ ಆಸೆ ಇಲ್ಲ. ತನ್ನದೇ ವಿಗ್ರಹ ಮಾಡಿಸಿ ಗೂಡಲ್ಲಿ ಸಾಲಾಗಿ ಕೂರಿಸಬೇಕು, ಅದೊಂದೇ ಆಸೆ. ಗೇಣುದ್ದದ ಕಲ್ಲಿನ ವಿಗ್ರಹ. ಮಕ್ಕಳಿರಲಿಲ್ವಾ ಅವನಿಗೆ? ಇದ್ರು. ಆದ್ರೆ ಮಕ್ಕಳು ಕೂರಿಸಿದ ಕಡೆ ಕೂರ್ತಿರಲಿಲ್ಲ.

ವಿಗ್ರಹ ಕಡೆಯೋನು ಮೋನಪ್ಪಾಚಾರಿ. ಊರ ಕೊನೇಲಿ ಗುಡಿಸಲು, ಹೆಂಡತಿ ಕಾಳಮ್ಮ, ಮೂರು ಕಲ್ಲಿನ ಒಲೆ. ಒಂದು ವಿಗ್ರಹ ಕೊಟ್ರೆ ರಾಜ ಒಂದು ಕುಂಬಳಕಾಯಿ ಕೊಡ್ತಿದ್ದ. ಹೆಂಗಸರು ಇಡೀ ಕುಂಬಳಕಾಯಿ ಒಡೆಯಬಾರದಲ್ವಾ, ಅದಕ್ಕೆ ಮೋನಪ್ಪಾಚಾರಿ ಒಂದು ಪೆಟ್ಟು ಹಾಕಿ ಒಡೆದುಕೊಡ್ತಿದ್ದ. ಕಾಳಮ್ಮ ಈಳಿಗೆಮಣೆ ಮುಂದೆ ಕೂತು ಹೆಚ್ಚಿ ಹುಳಿ ಮಾಡ್ತಿದ್ದಳು. ಉಣ್ತಿದ್ರು, ಮಲಗ್ತಿದ್ರು. ಅವರ ಸಂಸಾರ ಅಷ್ಟೇ.

ಹೀಗಿರುವಾಗ ರಾಜನಿಗೆ ಒಂದು ಯೋಚನೆ ಬಂತು. ರಾಜರಿಗೆ ಯೋಚನೆ ಬರಬಾರದು, ಬಂದ್ರೆ ನಮಗೇ ಕಷ್ಟ. "ವಿಗ್ರಹ ಸರಿಯಾಗಿದೆಯೋ ಇಲ್ವೋ ನೋಡೋಕೆ ಒಬ್ಬ ಬೇಕು" ಅಂದ. ತಿಮ್ಮರಸಯ್ಯ ಅನ್ನೋನನ್ನ ಪರೀಕ್ಷಕ ಅಂತ ನೇಮಿಸಿದ. ತಿಮ್ಮರಸಯ್ಯ ಮದುವೆ ಊಟದಲ್ಲಿ ಎಲೆಯ ಹಿಂಭಾಗ ತಿರುಗಿಸಿ ನೋಡೋ ಜಾತಿ. ಬಿದಿರಿನ ಕೊಳವೆ ಕಣ್ಣಿಗಿಟ್ಟು ವಿಗ್ರಹ ನೋಡಿದ. ಸಣ್ಣ ಸುತ್ತಿಗೇಲಿ ತಟ್ಟಿದ. ಟಣ್ ಅಂತು.

"ಶಬ್ದ ಸರಿಯಾಗಿದೆ ಮಹಾಸ್ವಾಮಿ. ಆದ್ರೆ ಬಲಗಾಲಿನ ಕಿರುಬೆರಳಿಗೆ ಉಗುರೇ ಇಲ್ಲ!"

ರಾಜ ಮೋನಪ್ಪಾಚಾರೀನ ಕರೆಸಿದ. "ಏನಯ್ಯಾ ಆಚಾರಿ, ನನ್ನ ಉಗುರೆಲ್ಲಿ?"

"ಬೇಕಂತಲೇ ಬಿಟ್ಟಿದ್ದು ಬುದ್ಧಿ. ದೃಷ್ಟಿಗೆ. ಮಗು ಕೆನ್ನೆಗೆ ಕಪ್ಪುಬೊಟ್ಟು ಇಡಲ್ವಾ, ಹಂಗೆ. ಪೂರ್ತಿ ಚೆಂದ ಮಾಡಿದ್ರೆ ಕಣ್ಣು ಬೀಳುತ್ತೆ. ನಮ್ಮಪ್ಪನೂ ಒಂದು ಬಿಡ್ತಿದ್ದ, ನಮ್ಮ ತಾತನೂ ಒಂದು ಬಿಡ್ತಿದ್ದ."

ರಾಜನಿಗೆ ಖುಷಿಯೋ ಖುಷಿ. "ಹಾಗಾದ್ರೆ ನಾನು ದೃಷ್ಟಿ ಬೀಳೋ ಅಷ್ಟು ಚೆಂದ ಇದ್ದೀನಿ! ಇದಕ್ಕೆ ಒಂದು ಕುಂಬಳಕಾಯಿ ಏನೇನೂ ಸಾಲದು. ಎರಡು!"

ಎರಡು ಕುಂಬಳಕಾಯಿ ಬಂತು. ಒಂದೂವರೆ ತಿಮ್ಮರಸಯ್ಯ ತಗೊಂಡ, ಕೊರತೆ ಕಂಡುಹಿಡಿದೋನು ಅವನಲ್ವಾ. ಅರ್ಧ ಮೋನಪ್ಪಾಚಾರಿಗೆ ಸಿಕ್ತು. ಬೆಲೆ ಏರಿತು ಅಂತ ಊರೆಲ್ಲ ಅವನ ಬೆನ್ನು ತಟ್ಟಿದ್ರು. ಕಾಳಮ್ಮ ಮಾತ್ರ ಅರ್ಧ ಕುಂಬಳಕಾಯಿ ನೋಡಿ, "ಬೆಲೆ ಏರಿದ್ದು ಯಾವ ಕಡೆಯಿಂದ್ರೀ?" ಅಂತ ಕೇಳಿದಳು.

ಈಗ ಗಮನ ಕೊಟ್ಟು ಕೇಳಿ, ಲೆಕ್ಕ ಶುರುವಾಗೋದು ಇಲ್ಲಿಂದ. ಬೆಲೆ ಏರಿದ ವಸ್ತು ಮೇಲೆ ಜನರ ಕಣ್ಣು ಜಾಸ್ತಿ ಬೀಳುತ್ತೆ. ಕಣ್ಣು ಜಾಸ್ತಿ ಬಿದ್ರೆ ಒಂದು ಉಗುರು ಸಾಲಲ್ಲ, ದೊಡ್ಡ ಕೊರತೇನೇ ಬೇಕು. ಆದ್ದರಿಂದ ಮುಂದಿನ ವಿಗ್ರಹಕ್ಕೆ ಕಿವಿ ಬಿಡಬೇಕು ಅಂತ ಅಪ್ಪಣೆ ಆಯ್ತು. ಕಿವಿ ಇಲ್ಲದ್ದು ಬಂತು. ಕಿವಿ ಇಲ್ಲದೆ ಇರೋದನ್ನ ನೋಡೋಕೆ ಇನ್ನೊಬ್ಬ ಪರೀಕ್ಷಕ ಬಂದ. ಅವನಿಗೂ ಕುಂಬಳಕಾಯಿ ಕೊಡಬೇಕಲ್ಲ, ಬೆಲೆ ಏರಿತು. ಬೆಲೆ ಏರಿತು, ದೃಷ್ಟಿ ಏರಿತು. ದೃಷ್ಟಿ ಏರಿತು, ಮೂಗು ಹೋಯ್ತು. ಮೂಗು ಹೋಯ್ತು, ಮೂಗಿನ ಪರೀಕ್ಷಕ ಬಂದ. ಅವನೂ ತಟ್ಟಿ ನೋಡಿದ. ಟಣ್ ಅನ್ನೋ ಬದಲು ಡಬ್ ಅಂತು. "ಈ ಶಬ್ದ ಇನ್ನೂ ಅಪರೂಪ" ಅಂತ ಅದಕ್ಕೂ ಒಂದಷ್ಟು ಏರಿಸಿದ.

ಕಿವಿ ಇಲ್ಲದ ವಿಗ್ರಹವನ್ನ ರಾಜ ದಿನಾ ಮಾತಾಡಿಸ್ತಿದ್ದ. "ಹೇಗಿದ್ದೀಯಪ್ಪಾ?" ಅಂತಿದ್ದ.

"ಗಟ್ಟಿಯಾಗಿ ಹೇಳೋ!" ಅಂತಿತ್ತು ವಿಗ್ರಹ.

ಅಷ್ಟರಲ್ಲಿ ಪಕ್ಕದ ಊರಿನ ರಾಜನೂ ಸುದ್ದಿ ಕೇಳಿ, "ನಂಗೂ ಚಿಕ್ಕದೊಡ್ಡರಾಯನ ವಿಗ್ರಹ ಬೇಕು" ಅಂದ. ಯಾಕೆ ಬೇಕು ಅಂತ ಅವನಿಗೂ ಗೊತ್ತಿಲ್ಲ. ಇಬ್ಬರು ಬೇಕು ಅಂದ ಮೇಲೆ ಬೆಲೆ ಕೂತ ಕಡೆ ಕೂರುತ್ತಾ? ತೋಳು ಹೋಯ್ತು. ಮೀಸೆ ಹೋಯ್ತು. ಆಮೇಲೆ ತಲೇನೇ ಹೋಯ್ತು. ತಲೆ ಇಲ್ಲದ ವಿಗ್ರಹಕ್ಕೆ ಊರ ಹಿತ್ತಲುಗಳಲ್ಲಿದ್ದ ಕುಂಬಳಕಾಯಿ ಅಷ್ಟನ್ನೂ ಕಿತ್ತು ತಂದು ಬೆಲೆ ಕಟ್ಟಿದ್ರು.

ಮೋನಪ್ಪಾಚಾರಿಗೆ ಏನು ಸಿಕ್ತು ಅಂತ ಕೇಳ್ತೀರಾ? ಕಿವಿ ಇಲ್ಲದ್ದಕ್ಕೆ ಒಂದು ಹೋಳು. ಮೂಗಿಲ್ಲದ್ದಕ್ಕೆ ಸಿಪ್ಪೆ. ತಲೆ ಇಲ್ಲದ್ದಕ್ಕೆ, ಅಂದ್ರೆ ಎಲ್ಲಕ್ಕಿಂತ ದುಬಾರಿಯದ್ದಕ್ಕೆ, ಒಂದೇ ಒಂದು ಬೀಜ.

ಕಾಳಮ್ಮ ಆ ಬೀಜ ಕೈಯಲ್ಲಿ ಹಿಡಿದು, "ಇದನ್ನ ಹೆಚ್ಚಲಾ, ಹುರೀಲಾ?" ಅಂದಳು. ಆಮೇಲೆ ಗುಡಿಸಲ ಪಕ್ಕ ಊರಿದಳು. ಬರೀ ನೀರು ಕಾಯಿಸಿ ಇಬ್ಬರೂ ಕುಡಿದರು.

ಮೋನಪ್ಪಾಚಾರಿಗೆ ಹಸಿವಿಗಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. "ಕಾಳಮ್ಮ, ಮೂಗು ಮಾಡೋಕೆ ನಮ್ಮಪ್ಪನ ಹತ್ರ ಎಷ್ಟು ಬೈಸಿಕೊಂಡು ಕಲಿತಿದ್ದೆ ಗೊತ್ತಾ? ಈಗ ಮೂಗು ಮಾಡಬೇಡ ಅಂತಾರೆ. ನಂಗೆ ಅಳು ಬರುತ್ತೆ ಕಣೇ" ಅಂದ. ಅತ್ತೂ ಬಿಟ್ಟ.

ಅರಮನೆಯಿಂದ ಮತ್ತೆ ಅಪ್ಪಣೆ ಬಂತು. ಈ ಸಲದ್ದು ಮಹಾವಿಗ್ರಹ. ತಲೆ ಬೇಡ, ಮೈ ಬೇಡ, ಕಾಲೂ ಬೇಡ. ನಿಲ್ಲೋ ಪೀಠ ಒಂದಿದ್ರೆ ಸಾಕು. ಆದ್ರೆ ಮೋನಪ್ಪಾಚಾರಿ ಹತ್ರ ಕಲ್ಲು ಮುಗಿದುಹೋಗಿತ್ತು. ರಾಜನ ಭಟರು ಅತ್ತ ನೋಡಿದ್ರು, ಇತ್ತ ನೋಡಿದ್ರು, ಕಾಳಮ್ಮನ ಒಲೆಯಿಂದ ಒಂದು ಕಲ್ಲು ಎತ್ತಿ ಅವನ ಮುಂದಿಟ್ರು. ಅವನು ಸುಮ್ಮನೆ ಒಂದು ಪೆಟ್ಟು ಹಾಕಿದ. ಆಯ್ತು, ತಗೊಂಡುಹೋದ್ರು. ಕೂಲಿಗೆ ಬೀಜವೂ ಇಲ್ಲ, ಕುಂಬಳಕಾಯಿ ಅನ್ನೋ ಮಾತನ್ನ ಒಂದು ಸಲ ಕಿವಿಯಲ್ಲಿ ಹೇಳಿ ಹೋದ್ರು.

ಮೋನಪ್ಪಾಚಾರಿ ಉಳಿ ಸುತ್ತಿಗೆ ಅಟ್ಟದ ಮೇಲೆ ಎಸೆದ. "ನಾನು ಹೊಡೆದದ್ದೆಲ್ಲ ಏನಾದ್ರೂ ಒಂದು ಕಳಕೊಳ್ಳುತ್ತೆ. ಇನ್ನು ಈ ಜನ್ಮದಲ್ಲಿ ಯಾವುದಕ್ಕೂ ಪೆಟ್ಟು ಹಾಕಲ್ಲ" ಅಂತ ಗೋಡೆ ಕಡೆ ಮುಖ ಮಾಡಿ ಕೂತ.

ಅವನು ಹಾಗೆ ಕೂತಿರುವಾಗಲೇ ಕಾಳಮ್ಮ ಊರಿದ ಬೀಜದ ಬಳ್ಳಿ ಗುಡಿಸಲು ಹತ್ತಿ ಒಂದು ಕುಂಬಳಕಾಯಿ ಬಿಡ್ತು. ಗುಂಡಗೆ, ಬೂದಿ ಬಳಿದ ಹಾಗೆ, ತಬ್ಬಿದ್ರೆ ಕೈ ಕೂಡದಷ್ಟು. ಕಾಳಮ್ಮ ಇಳಿಸಿ ತಂದು ಗಂಡನ ಮುಂದಿಟ್ಟಳು.

"ರೀ, ಒಂದೇ ಒಂದು ಪೆಟ್ಟು."

"ಹಾಕಲ್ಲ."

"ಹಸಿವು ರೀ."

"ನಂಗೂ ಹಸಿವು. ಆದ್ರೆ ಹಾಕಲ್ಲ."

ಹೆಂಗಸು ಒಡೆಯೋ ಹಂಗಿಲ್ಲ, ಗಂಡಸು ಒಡೆಯಲ್ಲ. ಮನೆ ತುಂಬ ಕುಂಬಳಕಾಯಿ, ಹೊಟ್ಟೆ ತುಂಬ ಗಾಳಿ. ಪಕ್ಕದ ಮನೆ ಗಂಡಸರನ್ನ ಕರೀಬಹುದಿತ್ತಲ್ಲ ಅಂತ ಯಾರೋ ಹಿಂದೆ ಗೊಣಗ್ತಿದ್ದೀರಿ. ಕೇಳಿಸ್ತು. ಊರಿನ ಗಂಡಸರೆಲ್ಲ ಆಗಲೇ ಅರಮನೇಲಿ ಪರೀಕ್ಷಕರಾಗಿ ಸೇರಿಕೊಂಡಿದ್ರು. ಒಬ್ಬ ಗಂಡಸೂ ಊರಲ್ಲಿ ಉಳಿದಿರಲಿಲ್ಲ.

ಇತ್ತ ಅರಮನೇಲಿ ಪೀಠದ ಮೇಲೆ ಏನೂ ಇಲ್ಲದ್ದನ್ನ ಎಲ್ಲರೂ ಕೊಳವೆ ಹಿಡಿದು ನೋಡಿದ್ರು. "ಕೊರತೆ ಹುಡುಕೋಕೆ ಜಾಗವೇ ಇಲ್ಲ ಮಹಾಸ್ವಾಮಿ, ಇಂಥದ್ದು ಹಿಂದೆ ಆಗಿಲ್ಲ!" ಅಂದ ತಿಮ್ಮರಸಯ್ಯ. ಕಲ್ಲಿನ ಕೆಳಗೆ ಮಸಿ ಹಿಡಿದಿತ್ತು. "ದೃಷ್ಟಿಬೊಟ್ಟೂ ಇದೆ" ಅಂದ. ರಾಜ್ಯದಲ್ಲಿ ಅಲ್ಲಿ ಇಲ್ಲಿ ಉಳಿದಿದ್ದ ಕುಂಬಳಕಾಯೆಲ್ಲ ಅದರ ಬೆಲೆ ಅಂತಾಯ್ತು. ಪರೀಕ್ಷಕರು ಅಷ್ಟನ್ನೂ ಕೂತು ತಿಂದ್ರು.

ತಿಂದು ಕೈ ತೊಳೀಬೇಕು, ಅಷ್ಟರಲ್ಲಿ ಪೀಠ ನರಳ್ತು. "ಅಯ್ಯೋ, ನಂಗೆ ದೃಷ್ಟಿ ಬಿದ್ದಿದೆ!"

ಏ, ಕಲ್ಲು ಮಾತಾಡುತ್ತಾ ಅಂತ ಯಾರದು ಕೇಳಿದ್ದು? ರಾಜ ತಲೆ ಇಲ್ಲದ ವಿಗ್ರಹಕ್ಕೆ ಊರ ಕುಂಬಳಕಾಯೆಲ್ಲ ಕೊಟ್ಟಾಗ ಸುಮ್ಮನೆ ತಲೆ ಆಡಿಸಿದೆ, ಈಗ ಕೇಳ್ತೀಯಾ? ಕೂತ್ಕೋ.

ರಾಜ ಗಾಬರಿಯಾದ. "ಇನ್ನೂ ಒಂದು ಕೊರತೆ ಬಿಡಿ" ಅಂದ. "ಬಿಡೋಕೆ ವಿಗ್ರಹದಲ್ಲಿ ಏನೂ ಉಳಿದಿಲ್ಲವಲ್ಲ ಮಹಾಸ್ವಾಮಿ" ಅಂದ ತಿಮ್ಮರಸಯ್ಯ. ತಲೆ ಕೆರೆದ. "ಆದ್ರೆ ಈ ವಿಗ್ರಹ ಯಾರದ್ದು? ತಮ್ಮದು. ವಿಗ್ರಹದಲ್ಲಿ ಉಳಿದಿಲ್ಲ ಅಂದ್ರೆ ತಮ್ಮಲ್ಲಿ ಬಿಡಬೇಕು. ಮೊದಲು ಉಗುರು, ಆಮೇಲೆ ಕಿವಿ, ಆಮೇಲೆ ಮೂಗು. ಕ್ರಮ ತಪ್ಪಬಾರದು."

ರಾಜ ಅಯ್ಯೋ ಅನ್ನೋದರೊಳಗೆ ಬಲಗಾಲಿನ ಕಿರುಬೆರಳ ಉಗುರು ಹೋಯ್ತು. ಕಿವಿಯ ಪರೀಕ್ಷಕ ಉಳಿ ಮಸೆಯೋಕೆ ಕೂತ.

"ತಡೀರಿ! ದೃಷ್ಟಿಗೆ ಬೂದುಗುಂಬಳ ಒಡೆದ್ರೆ ಸಾಕಲ್ಲ! ಕುಂಬಳಕಾಯಿ ತನ್ನಿ!" ಅಂತ ಕೂಗಿದ ರಾಜ. ಒಂದೂ ಬರಲಿಲ್ಲ. "ರಾಜ್ಯದ ಕುಂಬಳಕಾಯೆಲ್ಲ ಎಲ್ಲಿ ಹೋಯ್ತು?" ಅಂದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಇದೆಯಲ್ಲ, ಅವತ್ತು ಪರೀಕ್ಷಕರೆಲ್ಲ ಒಟ್ಟಿಗೇ ಹೆಗಲು ಮುಟ್ಟಿ ನೋಡಿಕೊಂಡ್ರು.

ಪೀಠವೇ ಹೇಳ್ತು. "ನಮ್ಮನೇಲಿ ಒಂದಿರಬೇಕು. ನಾನು ಹೊರಡುವಾಗ ಬಳ್ಳಿ ಸೂರು ಹತ್ತೋಕೆ ಶುರುಮಾಡಿತ್ತು."

ರಾಜ ಪೀಠ ಕಂಕುಳಲ್ಲಿ ಇಟ್ಟುಕೊಂಡು ಓಡಿದ. ಅದರ ಬೆಲೆ ಅರಮನೆಗಿಂತ ಜಾಸ್ತಿ, ಅಗ್ಗದ ಜಾಗದಲ್ಲಿ ಬಿಟ್ಟು ಬರೋಕಾಗುತ್ತಾ? ಹಿಂದೆ ಉಳಿ ಹಿಡಿದ ಪರೀಕ್ಷಕರು ಓಡಿ ಬಂದ್ರು. ರಾಜ ಕುಂಟ್ಕೊಂಡು ಗುಡಿಸಲಿಗೆ ನುಗ್ಗಿದ.

"ತಾಯೀ, ಆ ಕುಂಬಳಕಾಯಿ ಬೆಲೆ ಹೇಳು!"

"ಇದು ಮಾರೋದಲ್ಲ ಬುದ್ಧಿ, ಹುಳಿಗೆ" ಅಂದಳು ಕಾಳಮ್ಮ.

"ಅರ್ಧ ರಾಜ್ಯ ಕೊಡ್ತೀನಿ."

"ಅದರಲ್ಲಿ ಒಂದಾದ್ರೂ ಕುಂಬಳಕಾಯಿ ಇದೆಯಾ?"

"ಇಲ್ಲ. ಪೂರ್ತಿ ರಾಜ್ಯ ಕೊಡ್ತೀನಿ!"

"ಪೂರ್ತಿಯಲ್ಲಿ ಇದೆಯಾ?"

"ಇಲ್ಲ."

"ಮತ್ತೆ ತಗೊಂಡು ನಾನೇನ್ ಮಾಡ್ಲಿ? ಪಾತ್ರೆಗೂ ಹಿಡಿಸಲ್ಲ."

ಕಿವಿಯ ಪರೀಕ್ಷಕ ಬಾಗಿಲಿಗೆ ಬಂದೇಬಿಟ್ಟ. ರಾಜ ಎರಡೂ ಕಿವಿ ಮುಚ್ಚಿಕೊಂಡು ಅಳೋಕೆ ಶುರುಮಾಡಿದ. ಕಾಳಮ್ಮ ಅವನನ್ನ ಮೇಲಿಂದ ಕೆಳಗೆ ನೋಡಿದಳು. ಮೂಗಿದೆ, ಮೀಸೆ ಇದೆ. ಗಂಡಸಿನ ಹಾಗೇ ಇದ್ದಾನೆ.

"ಬುದ್ಧಿ, ಬೆಲೆ ಗಿಲೆ ಬೇಡ. ನಮ್ಮನೆಯವರು ಒಡೆಯಲ್ಲ ಅಂತಾರೆ, ನಾನು ಒಡೆಯೋ ಹಂಗಿಲ್ಲ. ನೀವೇ ಒಂದು ಪೆಟ್ಟು ಹಾಕಿಕೊಡಿ. ನಿಮ್ಮ ದೃಷ್ಟಿ ನೀವು ತೆಗೆದುಕೊಳ್ಳಿ, ಹೋಳು ನನಗೆ ಬಿಡಿ."

ರಾಜ ಹುಟ್ಟಿದಾಗಿನಿಂದ ಏನೂ ಒಡೆದೋನಲ್ಲ. ಆ ಪೀಠವನ್ನ ನೆಲಕ್ಕಿಟ್ಟ, ಕುಂಬಳಕಾಯಿ ಎತ್ತಿದ, ಕಣ್ಣು ಮುಚ್ಚಿ ಅದರ ಮೇಲೆ ಹಾಕಿದ. ಫಟ್! ಎರಡು ಹೋಳಾಯ್ತು. "ಅಬ್ಬಾ" ಅಂತು ಪೀಠ.

ಪರೀಕ್ಷಕರು ನಿಂತಲ್ಲೇ ನಿಂತ್ರು. ಕುಂಬಳಕಾಯಿ ಒಡೆದ ಮೇಲೆ ದೃಷ್ಟಿ ಇಲ್ಲ, ದೃಷ್ಟಿ ಇಲ್ಲದ ಮೇಲೆ ರಾಜನ ಕಿವಿ ತೆಗೆಯೋ ಹಂಗಿಲ್ಲ. ಉಳಿ ಬೆನ್ನ ಹಿಂದೆ ಇಟ್ಟುಕೊಂಡ್ರು.

ಕಾಳಮ್ಮ ಹೋಳು ಎತ್ತಿಕೊಳ್ಳೋಕೆ ಬಗ್ಗಿದಳು. ಕಲ್ಲನ್ನ ಕಂಡಳು. ಉರುಳಿಸಿದಳು, ಕೆಳಗೆ ಮಸಿ. "ಅಯ್ಯೋ, ಇದು ನನ್ನ ಒಲೆ ಕಲ್ಲು!"

"ಇದು ನನ್ನ ಮಹಾವಿಗ್ರಹ" ಅಂದ ರಾಜ.

"ಆಗಲಿ ಬುದ್ಧಿ. ನಿಮ್ಮ ಮಹಾವಿಗ್ರಹಾನ ಇಲ್ಲಿ ಕೂರಿಸಿ" ಅಂತ ಒಲೆಯ ಖಾಲಿ ಮೂಲೆ ತೋರಿಸಿದಳು.

ರಾಜ ಕೂರಿಸಿದ. ಕಾಳಮ್ಮ ಪಾತ್ರೆ ಇಟ್ಟಳು. ಒಂದಿಷ್ಟೂ ಅಲುಗಲಿಲ್ಲ. ಗೋಡೆ ಕಡೆ ಮುಖ ಮಾಡಿದ್ದ ಮೋನಪ್ಪಾಚಾರಿ ಈ ಕಡೆ ತಿರುಗಿದ. ಬಗ್ಗಿ ನೋಡಿದ, ಸುತ್ತ ಬಂದು ನೋಡಿದ. "ಇಷ್ಟು ದಿನಕ್ಕೆ ನಿಮ್ಮದೊಂದು ವಿಗ್ರಹ ಸರಿಯಾಗಿ ಕೂತಿದೆ ಬುದ್ಧಿ" ಅಂದ. ಅಂದು, ಅಟ್ಟದ ಮೇಲಿಂದ ಉಳಿ ಸುತ್ತಿಗೆ ಇಳಿಸಿಕೊಂಡ.

ಹುಳಿ ಕುದೀತು. ಘಮ್ ಅಂತು. ರಾಜನೂ ಕೂತ, ಪರೀಕ್ಷಕರೂ ಕೂತ್ರು, ಕಾಳಮ್ಮ ಎಲ್ಲರಿಗೂ ಬಡಿಸಿದಳು. ತಿಮ್ಮರಸಯ್ಯ ಒಂದು ತುತ್ತು ಬಾಯಿಗಿಟ್ಟ, ಕಣ್ಣು ಸಣ್ಣ ಮಾಡಿದ.

"ಉಪ್ಪು ಕಮ್ಮಿ ಇದೆ" ಅಂದ.

ಎಲ್ಲರ ಕೈ ನಿಂತುಹೋಯ್ತು.

"ಬೇಕಂತಲೇ ಬಿಟ್ಟಿದ್ದು ಸ್ವಾಮಿ. ದೃಷ್ಟಿಗೆ" ಅಂದಳು ಕಾಳಮ್ಮ.

"ಓಹೋ!" ಅಂತ ತಿಮ್ಮರಸಯ್ಯ ಎದ್ದು ನಿಂತ. "ಹಾಗಾದ್ರೆ ಇದರ ಬೆಲೆ..."

ರಾಜ ಒಂದು ಕೈಯಲ್ಲಿ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಇತ್ತು. ಇನ್ನೊಂದು ಕೈಯಲ್ಲಿ ತಿಮ್ಮರಸಯ್ಯನ ಪಂಚೆ ಹಿಡಿದು ಎಳೆದು ಕೂರಿಸಿದ.

"ಸುಮ್ಮನೆ ಉಣ್ಣಯ್ಯ, ತಣ್ಣಗಾಗುತ್ತೆ."

ಅಲ್ಲಿಗೆ ಅವರು ಉಂಡ್ರು, ಇಲ್ಲಿಗೆ ನನ್ನ ಬಾಯಿ ಒಣಗ್ತು. ನೀತಿ ಏನು ಅಂತೀರಾ? ಕೂಲಿಗೆ ಬೀಜ ಕೊಟ್ರೆ ಹುರಿದು ತಿನ್ನಬೇಡಿ. ಇನ್ನು ಕತೇಲಿ ಸುಳ್ಳೆಷ್ಟು ಅಂತ ಕೊಳವೆ ಹಿಡಿದು ನೋಡೋಕೆ ಬರಬೇಡಿ. ಎಲ್ಲಾ ಅಪ್ಪಟ ಸುಳ್ಳು. ಒಂದೇ ಒಂದು ಕಡೆ ನಿಜ ಬಿಟ್ಟಿದ್ದೀನಿ, ದೃಷ್ಟಿಗೆ.